ಹಲಸಿನ ಬೀಜವೂ ಸಕ್ಕರೆಯ ಲಿಪಿಯೂ

‘ಸಕ್ಕರೆ’ ಎಂದೊಡನೆ ಬಾಯಲ್ಲಿ ನೀರೂರುತ್ತಿದ್ದ ಕಾಲವೊಂದಿತ್ತು. ಈಗ ಆ ಮಾತು ಕಿವಿಗೆ ಬಿದ್ದರೆ ಅನೇಕರ ಎದೆಯಲ್ಲಿ ಅಳುಕು ಹುಟ್ಟುತ್ತದೆ. ‘ನಮ್ಮ ಯಜಮಾನರಿಗೆ ಶುಗರ್ ಇದೆ’ ಎಂದು ತುಮಕೂರಿನ ಬೀದಿಯಲ್ಲಿ ಯಾರಾದರೂ ಹೇಳಿದರೆ, ಅದು ಅಡುಗೆಮನೆಯ ಡಬ್ಬಿಯ ಮಾತಲ್ಲ, ಕಾಯಿಲೆಯ ಮಾತು ಎಂಬುದು ಮಕ್ಕಳಿಗೂ ಗೊತ್ತು. ಸಿಹಿಯ ಹೆಸರು ರೋಗದ ಹೆಸರಾಗಿ ಕೂತಿದೆ. ಮಾತು ಕಲಿಸುವುದೇ ಕಸುಬಾದ ನನ್ನಂಥವನಿಗೆ ಇದು ಸಣ್ಣ ಸಂಗತಿಯಾಗಿ ತೋರುವುದಿಲ್ಲ. ಒಂದೇ ಮಾತಿಗೆ ಹತ್ತು ಅರ್ಥಗಳ ಹೊರೆ ಹೊರಿಸಿದರೆ ತಿಳಿವಳಿಕೆ ಮಸುಕಾಗುತ್ತದೆ. ತಿಳಿವಳಿಕೆ ಮಸುಕಾದ ಕಡೆ ಭಯವೂ ಬೆಳೆಯುತ್ತದೆ, ಸುಳ್ಳು ಮದ್ದೂ ಬೆಲೆ ಪಡೆಯುತ್ತದೆ.

ಮೊದಲು ಮಾತಿನ ಹುಟ್ಟನ್ನು ನೋಡೋಣ. ಸಂಸ್ಕೃತದ ‘ಶರ್ಕರಾ’ ಶಬ್ದಕ್ಕೆ ಮೂಲದಲ್ಲಿ ಹರಳು, ಮರಳುಗಲ್ಲು ಎಂದು ಅರ್ಥ. ಕಬ್ಬಿನ ರಸ ಕಾಯಿಸಿ ಹರಳುಗಟ್ಟಿಸಿದ ವಸ್ತುವಿಗೂ ಅದೇ ಹೆಸರು ನಿಂತಿತು. ಪ್ರಾಕೃತದಲ್ಲಿ ಅದು ‘ಸಕ್ಕರಾ’ ಆಯಿತು, ಕನ್ನಡದಲ್ಲಿ ‘ಸಕ್ಕರೆ’. ಪಾರಸಿ, ಅರಬ್ಬಿಗಳನ್ನು ದಾಟಿ ಯೂರೋಪಿಗೆ ಹೋದಾಗ ಇಂಗ್ಲಿಷಿನ ‘ಶುಗರ್’ ಆಯಿತು. ನಮ್ಮ ಮನೆಯಿಂದ ಹೊರಟ ಮಾತೇ ಊರೂರು ಸುತ್ತಿ, ವೇಷ ಬದಲಿಸಿಕೊಂಡು, ವೈದ್ಯರ ಚೀಟಿಯ ಮೂಲಕ ಮರಳಿ ಮನೆಗೆ ಬಂದಿದೆ.

ಆದರೆ ರಸಾಯನಶಾಸ್ತ್ರಜ್ಞರಿಗೆ ಸಕ್ಕರೆ ಎಂಬುದು ಒಂದು ವಸ್ತುವಲ್ಲ, ಒಂದು ಕುಲ. ರಕ್ತದಲ್ಲಿ ಹರಿಯುವುದು ಗ್ಲೂಕೋಸು. ಅದನ್ನು ದ್ರಾಕ್ಷಿಸಕ್ಕರೆ ಎನ್ನುತ್ತಾರೆ. ಹಣ್ಣು ಮತ್ತು ಜೇನಿನಲ್ಲಿ ಫ್ರಕ್ಟೋಸು ಉಂಟು. ಇವೆರಡೂ ಕೈಹಿಡಿದರೆ ಕಬ್ಬಿನ ಸಕ್ಕರೆ. ಗ್ಲೂಕೋಸಿನೊಡನೆ ಗ್ಯಾಲಕ್ಟೋಸು ಎಂಬ ದಾಯಾದಿ ಸೇರಿದರೆ ಹಾಲಿನ ಸಕ್ಕರೆ. ಗ್ಲೂಕೋಸಿನ ಅಣುವಿನಲ್ಲಿ ೬ ಇಂಗಾಲ, ೧೨ ಜಲಜನಕ, ೬ ಆಮ್ಲಜನಕದ ಪರಮಾಣುಗಳಿವೆ. ಗ್ಯಾಲಕ್ಟೋಸಿನಲ್ಲಿಯೂ ಲೆಕ್ಕ ಅಷ್ಟೆ. ವ್ಯತ್ಯಾಸವೇನೆಂದರೆ ನಾಲ್ಕನೆಯ ಇಂಗಾಲಕ್ಕೆ ಅಂಟಿದ ಒಂದು ಕೊಂಡಿ ಒಂದರಲ್ಲಿ ಈ ಕಡೆ ತಿರುಗಿದ್ದರೆ ಇನ್ನೊಂದರಲ್ಲಿ ಆ ಕಡೆ ತಿರುಗಿದೆ. ಲ-ಕಾರ ಳ-ಕಾರ ಬದಲಾದರೆ ‘ಕಲೆ’ ಹೋಗಿ ‘ಕಳೆ’ ಆಗುವುದಿಲ್ಲವೆ? ಹಾಗೆಯೇ ಇದು.

ಅಕ್ಷರಗಳು ಸೇರಿ ಪದವಾಗುವಂತೆ ಈ ಸಣ್ಣ ಸಕ್ಕರೆಗಳು ಸೇರಿ ದೊಡ್ಡ ಸರಪಣಿಗಳಾಗುತ್ತವೆ. ಗ್ಲೂಕೋಸಿನ ಎರಡು ಅಣುಗಳನ್ನು ಜೋಡಿಸಲು ಹನ್ನೊಂದು ದಾರಿಗಳುಂಟು. ಯಾವ ದಾರಿಯಲ್ಲಿ ಜೋಡಿಸಿದಿರಿ ಎಂಬುದರ ಮೇಲೆ ವಸ್ತುವಿನ ಗುಣವೇ ಬೇರೆಯಾಗುತ್ತದೆ. ನಾವು ಉಣ್ಣುವ ರಾಗಿಮುದ್ದೆಯ ಪಿಷ್ಟವೂ ಗ್ಲೂಕೋಸಿನ ಸರಪಣಿ. ಉಡುವ ಹತ್ತಿಪಂಚೆಯ ನೂಲೂ ಗ್ಲೂಕೋಸಿನ ಸರಪಣಿ. ಕೊಂಡಿಯ ತಿರುವು ಒಂದಿಷ್ಟು ಬೇರೆ, ಅಷ್ಟೆ. ಮುದ್ದೆಯ ಕೊಂಡಿಯನ್ನು ನಮ್ಮ ಹೊಟ್ಟೆ ಬಿಚ್ಚಬಲ್ಲದು, ಪಂಚೆಯದನ್ನು ಬಿಚ್ಚಲಾರದು. ‘ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ಮಾತ್ರ ತಿನ್ನುತ್ತೇನೆ’ ಎನ್ನುವವರೂ, ‘ಮುದ್ದೆ ಎಷ್ಟು ಉಂಡರೂ ದೋಷವಿಲ್ಲ’ ಎನ್ನುವವರೂ ಈ ಮಾತನ್ನು ಗಮನಿಸಬೇಕು. ಬೆಲ್ಲದ ಬಹುಪಾಲು ಕಬ್ಬಿನ ಸಕ್ಕರೆಯೇ. ರಾಗಿಯಲ್ಲಿ ನಾರು ಹೆಚ್ಚೆಂಬುದು ನಿಜ; ಆದರೆ ಅದರ ಪಿಷ್ಟವೂ ಕೊನೆಗೆ ಗ್ಲೂಕೋಸಾಗಿಯೇ ರಕ್ತ ಸೇರುತ್ತದೆ. ಅಳತೆ ಎರಡಕ್ಕೂ ಬೇಕು.

ಜೀವಕೋಶದ ಮೇಲಿನ ಬರಹ

ಇಷ್ಟು ದಿನ ನಾವು ಸಕ್ಕರೆಯನ್ನು ಸೌದೆಯಂತೆ ಎಣಿಸುತ್ತಿದ್ದೆವು: ಉರಿದು ಶಕ್ತಿ ಕೊಡುವ ವಸ್ತು. ಇಪ್ಪತ್ತನೆಯ ಶತಮಾನದ ಜೀವರಸಾಯನಶಾಸ್ತ್ರ ಅದಕ್ಕೆ ಇನ್ನೊಂದು ಕೆಲಸವೂ ಉಂಟೆಂದು ತೋರಿಸಿತು. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಹೊರಮೈಯಲ್ಲಿಯೂ ಸಕ್ಕರೆಯ ಸಣ್ಣ ಸಣ್ಣ ಸರಪಣಿಗಳು ಪೈರಿನಂತೆ ಎದ್ದು ನಿಂತಿವೆ. ಅವು ಉರಿಯುವುದಕ್ಕಲ್ಲ, ಗುರುತಿಗೆ. ‘ನಾನು ಇಂಥ ಕೋಶ, ಇಂಥವರ ಮನೆಯವನು’ ಎಂದು ಹೇಳುವ ನಾಮಫಲಕಗಳು.

ಇದಕ್ಕೆ ಎಲ್ಲರಿಗೂ ತಿಳಿದ ಸಾಕ್ಷಿ ರಕ್ತದ ಗುಂಪು. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ೧೯೦೧ರಲ್ಲಿ ರಕ್ತಕ್ಕೆ ಗುಂಪುಗಳಿವೆಯೆಂದು ಪ್ರಕಟಿಸಿದನು. ಆ ಗುಂಪುಗಳ ಗುಟ್ಟು ಸಕ್ಕರೆಯಲ್ಲಿದೆಯೆಂಬುದನ್ನು ಲಂಡನ್ನಿನ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ೧೯೫೦ರ ದಶಕದಲ್ಲಿ ಬಿಡಿಸಿದರು. ‘ಬಿ’ ಗುಂಪಿನವರ ಕೆಂಪು ರಕ್ತಕಣದ ಮೇಲಿನ ಸರಪಣಿಯ ತುದಿಯಲ್ಲಿ ಒಂದು ಗ್ಯಾಲಕ್ಟೋಸು ಹೆಚ್ಚಾಗಿರುತ್ತದೆ. ‘ಎ’ ಗುಂಪಿನವರಲ್ಲಿ ಆ ಜಾಗದಲ್ಲಿ ಅದರ ಸೋದರಸಂಬಂಧಿಯಾದ ಬೇರೊಂದು ಸಕ್ಕರೆ. ‘ಓ’ ಗುಂಪಿನವರಲ್ಲಿ ಎರಡೂ ಇಲ್ಲ. ತುದಿಯ ಒಂದು ಅಕ್ಷರ ಬದಲಾದ ರಕ್ತವನ್ನು ತಪ್ಪಿ ಏರಿಸಿದರೆ ಪ್ರಾಣಕ್ಕೇ ಅಪಾಯ. ಈ ಅಕ್ಷರಗಳ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಬರಹವಿದ್ದ ಮೇಲೆ ಓದುವವರೂ ಬೇಕಷ್ಟೆ. ಅಂಥ ಓದುಗರು ಕೆಲವು ಪ್ರೋಟೀನುಗಳು. ೧೮೮೮ರಲ್ಲಿ ಸ್ಟಿಲ್‌ಮಾರ್ಕ್ ಎಂಬ ಯುವಕ ವೈದ್ಯನು ಹರಳುಬೀಜದ ಸಾರವನ್ನು ರಕ್ತಕ್ಕೆ ಹಾಕಿ, ರಕ್ತಕಣಗಳು ಗುಂಪುಗೂಡಿ ಗಟ್ಟಿಯಾಗುವುದನ್ನು ಕಂಡನು. ಬೀಜದಲ್ಲಿದ್ದ ಪ್ರೋಟೀನು ಕಣಗಳ ಮೇಲಿನ ಸಕ್ಕರೆಯನ್ನು ಹಿಡಿದು ಒಂದಕ್ಕೊಂದು ಕಟ್ಟಿಹಾಕಿತ್ತು. ಇಂಥ ಪ್ರೋಟೀನುಗಳಿಗೆ ೧೯೫೪ರಲ್ಲಿ ‘ಲೆಕ್ಟಿನ್’ ಎಂಬ ಹೆಸರು ಬಂತು. ‘ಆರಿಸು, ಆಯ್ದುಕೊ’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಮಾತು. ಹೆಸರಿಗೆ ತಕ್ಕ ಗುಣ: ರೇಡಿಯೋದ ಮುಳ್ಳು ನೂರು ಕೇಂದ್ರಗಳ ನಡುವೆ ಬೇಕಾದ ಒಂದನ್ನೇ ಹಿಡಿಯುವಂತೆ, ಪ್ರತಿಯೊಂದು ಲೆಕ್ಟಿನ್ನೂ ನೂರು ಸಕ್ಕರೆಗಳ ನಡುವೆ ತನಗೆ ಒಪ್ಪುವುದನ್ನೇ ಹಿಡಿಯುತ್ತದೆ.

ಒಬ್ಬ ಶಾಸ್ತ್ರಜ್ಞನ ದಾರಿ

ಈ ಆಯ್ಕೆಯ ಗುಟ್ಟಿಗೆ ತಮ್ಮ ದುಡಿಮೆಯ ಬಹುಭಾಗವನ್ನು ಮುಡಿಪಿಟ್ಟವರಲ್ಲಿ ಅವಧೇಶ ಸುರೋಲಿಯಾ ಒಬ್ಬರು. ರಾಜಸ್ಥಾನದವರು, ಹುಟ್ಟಿದ್ದು ೧೯೪೭ರಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಬಿಮಲ್ ಕುಮಾರ್ ಬಛಾವತ್ ಎಂಬ ಹೆಸರಾಂತ ಜೀವರಸಾಯನಶಾಸ್ತ್ರಜ್ಞರ ಕೈಕೆಳಗೆ ಸಂಶೋಧನೆ ಕಲಿತರು. ಅಲ್ಲಿ ಅವರು ಹಿಡಿದ ವಸ್ತು ಸ್ಟಿಲ್‌ಮಾರ್ಕ್ ಹಿಡಿದ ಅದೇ ಹರಳುಬೀಜ. ೧೯೭೫ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರೂ ಅವರ ಗುರುಗಳೂ ಸೇರಿ ಒಂದು ಲೇಖನ ಪ್ರಕಟಿಸಿದರು. ಕೊಬ್ಬಿನಿಂದ ಕೃತಕವಾದ ಸಣ್ಣ ಗುಳ್ಳೆಗಳನ್ನು ಮಾಡಿ, ಅವುಗಳ ಮೈಮೇಲೆ ಸಕ್ಕರೆಯ ತುದಿಗಳನ್ನು ನಿಲ್ಲಿಸಿದರೆ, ಹರಳುಬೀಜದ ಲೆಕ್ಟಿನ್ ಆ ಗುಳ್ಳೆಗಳನ್ನೂ ಗುರುತಿಸುತ್ತದೆ ಎಂಬುದು ಅದರ ಸಾರ. ಜೀವಕೋಶವೇ ಇಲ್ಲದ ಕಡೆಯೂ ಗುರುತು ಸಿಕ್ಕಿತೆಂದರೆ, ಓದಿದ್ದು ಸಕ್ಕರೆಯನ್ನೇ ಎಂದಾಯಿತು.

ಮುಂದೆ ೧೯೮೦ರ ದಶಕದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆನಿಂತರು. ನಮ್ಮ ಕಡೆಯವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ, ೧೯೦೯ರಲ್ಲಿ ಸ್ಥಾಪಿತವಾದ ಸಂಸ್ಥೆ ಅದು. ಜಿ. ಎನ್. ರಾಮಚಂದ್ರನ್ ಅವರು ಕಟ್ಟಿದ ಅಣುಜೀವ ಭೌತವಿಜ್ಞಾನದ ವಿಭಾಗದಲ್ಲಿ ಸುರೋಲಿಯಾ ಅವರು ಕೈಗೆತ್ತಿಕೊಂಡ ವಸ್ತುಗಳಲ್ಲಿ ಒಂದು ನಮ್ಮ ಜಿಲ್ಲೆಯ ಹಿತ್ತಿಲಿಗೆ ತೀರ ಹತ್ತಿರದ್ದು. ಅದು ಹಲಸಿನ ಬೀಜ.

ಹಲಸೆಂದರೆ ಗುಬ್ಬಿ ತಾಲ್ಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. ಕೆಂಬಣ್ಣದ ತೊಳೆಯ ‘ಸಿದ್ದು’ ಹಲಸು ಚೇಳೂರಿನ ತೋಟದಿಂದಲೇ ಹೊರಟು ಹೆಸರಾಯಿತು; ಅದನ್ನು ಗುರುತಿಸಿ ಸಸಿ ಮಾಡಿ ಹರಡಿದವರು ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು. ತೊಳೆ ತಿಂದು ಬೀಜ ಒಣಗಿಸಿ, ಮಳೆಗಾಲದಲ್ಲಿ ಸುಟ್ಟೋ ಬೇಯಿಸಿಯೋ ಸಾರಿಗೆ ಹಾಕುವುದು ನಮ್ಮಲ್ಲಿ ವಾಡಿಕೆ. ಆ ಬೀಜದೊಳಗೆ ಒಂದು ಲೆಕ್ಟಿನ್ ಹೇರಳವಾಗಿದೆ. ಅದರ ಹೆಸರು ‘ಜಾಕಲಿನ್’. ಮಲೆಯಾಳದ ‘ಚಕ್ಕ’ ಪೋರ್ಚುಗೀಸರ ಬಾಯಲ್ಲಿ ‘ಜಾಕ’ ಆಗಿ, ಇಂಗ್ಲಿಷಿನಲ್ಲಿ ‘ಜ್ಯಾಕ್’ ಆಗಿ, ಕೊನೆಗೆ ಪ್ರಯೋಗಶಾಲೆಯ ಸೀಸೆಯ ಮೇಲೆ ಜಾಕಲಿನ್ ಎಂದು ನಿಂತಿತು.

ಸುರೋಲಿಯಾ ಅವರೂ ಅವರ ಶಿಷ್ಯರೂ ೧೯೮೬ರಲ್ಲಿ ಇದರ ಬಗೆಗೆ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಗ್ಯಾಲಕ್ಟೋಸು ಮತ್ತು ಅದರ ಸೋದರಸಂಬಂಧಿ ಸೇರಿದ ಒಂದು ಜೋಡಿಯಕ್ಷರವುಂಟು. ಅದನ್ನು ‘ಟಿ ಪ್ರತಿಜನಕ’ ಎನ್ನುತ್ತಾರೆ. ಆರೋಗ್ಯವಂತ ಕೋಶಗಳಲ್ಲಿ ಈ ಜೋಡಿ ಸಾಮಾನ್ಯವಾಗಿ ಬೇರೆ ಸಕ್ಕರೆಗಳ ಮರೆಯಲ್ಲಿರುತ್ತದೆ. ಹಲವು ಬಗೆಯ ಏಡಿಗಂತಿಗಳಲ್ಲಿ, ಎಂದರೆ ಕ್ಯಾನ್ಸರಿನಲ್ಲಿ, ಮೇಲಿನ ಅಕ್ಷರಗಳು ಉದುರಿದಂತಾಗಿ ಅದು ಬಯಲಿಗೆ ಬೀಳುತ್ತದೆ. ಹಲಸಿನ ಬೀಜದ ಲೆಕ್ಟಿನ್ ಆ ಜೋಡಿಯಕ್ಷರವನ್ನು ವಿಶೇಷವಾಗಿ ಹಿಡಿಯುತ್ತದೆಂದು ಅವರು ತೋರಿಸಿದರು. ನಮ್ಮ ಜಿಲ್ಲೆಯ ಮತ್ತೊಂದು ಬೆಳೆಯಾದ ಕಡಲೆಕಾಯಿಯ ಲೆಕ್ಟಿನ್ನೂ ಇದೇ ಜೋಡಿಯನ್ನು ಹಿಡಿಯುತ್ತದೆ. ಆದರೆ ಜೋಡಿಯ ತುದಿಗೆ ಮತ್ತೊಂದು ಆಮ್ಲಸಕ್ಕರೆ ಅಂಟಿಕೊಂಡರೆ ಕಡಲೆಕಾಯಿಯದು ಕೈಬಿಡುತ್ತದೆ, ಹಲಸಿನದು ಬಿಡುವುದಿಲ್ಲ.

ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಕಾಣಲು ಪ್ರೋಟೀನಿನ ಆಕಾರವನ್ನೇ ನೋಡಬೇಕಾಯಿತು. ಆ ಕೆಲಸದಲ್ಲಿ ಜೊತೆಯಾದವರು ಅದೇ ವಿಭಾಗದ ಎಂ. ವಿಜಯನ್. ೧೯೪೧ರಲ್ಲಿ ಕೇರಳದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬದುಕನ್ನೆಲ್ಲ ಕಳೆದು, ೨೦೨೨ರಲ್ಲಿ ತೀರಿಕೊಂಡ ಅವರು ತಾರುಣ್ಯದಲ್ಲಿ ಆಕ್ಸ್‌ಫರ್ಡಿನ ಡೊರೊಥಿ ಹಾಜ್‌ಕಿನ್ ಅವರ ತಂಡದಲ್ಲಿದ್ದವರು. ೧೯೬೯ರಲ್ಲಿ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿದ್ದು ಆ ತಂಡವೇ. ಕ್ಷಕಿರಣವನ್ನು ಹರಳಿನ ಮೂಲಕ ಹಾಯಿಸಿ, ಅದು ಚೆದರುವ ರೀತಿಯಿಂದ ಅಣುವಿನ ರೂಪವನ್ನು ಊಹಿಸಿ ಕಟ್ಟುವ ವಿದ್ಯೆ ಅವರದು. ೧೯೯೪ರಲ್ಲಿ ಕಡಲೆಕಾಯಿಯ ಲೆಕ್ಟಿನ್ನಿನ ರಚನೆ ಹೊರಬಂತು, ೧೯೯೬ರಲ್ಲಿ ಹಲಸಿನದು. ಹಲಸಿನ ಲೆಕ್ಟಿನ್ನಿನಲ್ಲಿ ನಾಲ್ಕು ಸಮಭಾಗಗಳಿವೆ. ಒಂದೊಂದು ಭಾಗದಲ್ಲಿ ೧೩೩ ಕೊಂಡಿಗಳ ಉದ್ದನೆಯ ಎಳೆಯೊಂದು, ೨೦ ಕೊಂಡಿಗಳ ಗಿಡ್ಡನೆಯ ಎಳೆಯೊಂದು. ಬೀಜದಲ್ಲಿ ತಯಾರಾಗುವಾಗ ಒಂದೇ ಎಳೆಯಾಗಿದ್ದುದು ಆಮೇಲೆ ಕತ್ತರಿಸಿ ಎರಡಾಗುತ್ತದೆ. ಆ ಕತ್ತರಿಸಿದ ತುದಿಯೇ ಗ್ಯಾಲಕ್ಟೋಸನ್ನು ಹಿಡಿಯುವ ಬೆರಳು. ಇಂಥ ಏರ್ಪಾಡು ಅಲ್ಲಿಯವರೆಗೆ ಯಾವ ಲೆಕ್ಟಿನ್ನಿನಲ್ಲಿಯೂ ಕಂಡಿರಲಿಲ್ಲ.

ಇದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಶರೀರವನ್ನು ಕಾಯುವ ಪ್ರತಿಕಾಯಗಳಲ್ಲಿ ‘ಐಜಿ-ಎ ಒಂದು’ ಎಂಬ ಬಗೆಯೊಂದುಂಟು. ಅದರ ನಡುವಿನ ಸಕ್ಕರೆಗಳಲ್ಲಿ ಗ್ಯಾಲಕ್ಟೋಸು ಕೊರತೆಯಾದರೆ, ಅಂಥ ಪ್ರತಿಕಾಯಗಳು ಮೂತ್ರಪಿಂಡದಲ್ಲಿ ಶೇಖರವಾಗಿ ಅದನ್ನು ಮೆಲ್ಲನೆ ಕೆಡಿಸುವ ಕಾಯಿಲೆಯೊಂದಿದೆ. ಈ ಪ್ರತಿಕಾಯವನ್ನು ರಕ್ತದಿಂದ ಬೇರ್ಪಡಿಸಿ ಪರೀಕ್ಷಿಸಲು ಪ್ರಪಂಚದ ಪ್ರಯೋಗಶಾಲೆಗಳು ಹಲಸಿನ ಬೀಜದ ಜಾಕಲಿನ್ನನ್ನು ಬಳಸುತ್ತಿವೆ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಸೇರಿಸಲೇಬೇಕು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವು ವ್ಯಂಗ್ಯವಾಗಿ ಆಡುತ್ತೇವೆ. ಹಲಸಿನ ಬೀಜದ ವಿಷಯದಲ್ಲಿ ಅದು ನೇರವಾಗಿಯೇ ನಿಜ. ಏಡಿಗಂತಿಯ ಗುರುತನ್ನು ಹಿಡಿಯುವ ಪ್ರೋಟೀನು ಅದರಲ್ಲಿದೆಯೆಂದ ಮಾತ್ರಕ್ಕೆ ಬೀಜ ತಿಂದರೆ ರೋಗ ವಾಸಿಯಾಗುವುದೆಂದು ಯಾರೂ ತಿಳಿಯಬಾರದು. ಬೇಯಿಸಿದೊಡನೆ ಆ ಪ್ರೋಟೀನು ಕೆಡುತ್ತದೆ. ಬೀಜ ಒಳ್ಳೆಯ ಆಹಾರವಾಗಿ ಉಳಿಯುತ್ತದೆ, ಅಷ್ಟೆ. ಅಕ್ಕಸಾಲಿಗನ ಒರೆಗಲ್ಲು ಚಿನ್ನವನ್ನು ಗುರುತಿಸುತ್ತದೆ. ಅದು ತಾನೇ ಚಿನ್ನವಲ್ಲ. ಜಾಕಲಿನ್ ಶಾಸ್ತ್ರಜ್ಞರ ಒರೆಗಲ್ಲು.

ಕುಣಿಗಲಿನ ಕುದುರೆ, ಮನುಷ್ಯನ ಕೊರತೆ

ಸಕ್ಕರೆಯ ಲಿಪಿಯಲ್ಲಿ ಮನುಷ್ಯನಿಗೂ ಪ್ರಾಣಿಗಳಿಗೂ ಒಂದು ವ್ಯತ್ಯಾಸವುಂಟು. ಅದನ್ನು ಹೇಳಲು ಗುಬ್ಬಿಯಿಂದ ಕುಣಿಗಲಿಗೆ ಹೋಗೋಣ. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಿಂದ ಕುದುರೆಗೆ ಹೆಸರಾದ ಊರು ಅದು. ಗಂಟಲಮಾರಿಯೆಂಬ ಡಿಫ್ತೀರಿಯಾ ಮಕ್ಕಳನ್ನು ಕೊಲ್ಲುತ್ತಿದ್ದ ಕಾಲದಲ್ಲಿ, ಕುದುರೆಯ ರಕ್ತದಿಂದ ತೆಗೆದ ಸೀರಂ ಅನೇಕ ಎಳೆಯ ಜೀವಗಳನ್ನು ಉಳಿಸಿತು. ಆದರೆ ಸೀರಂ ಚುಚ್ಚಿಸಿಕೊಂಡ ಕೆಲವರಿಗೆ ವಾರ ಕಳೆದ ಮೇಲೆ ಜ್ವರ, ದದ್ದು, ಕೀಲುನೋವು ಬರುತ್ತಿತ್ತು. ಇದಕ್ಕೆ ಮುಖ್ಯ ಕಾರಣ ಕುದುರೆಯ ಪ್ರೋಟೀನುಗಳು. ಅಂಥ ರೋಗಿಗಳ ರಕ್ತದಲ್ಲಿ ೧೯೨೦ರ ದಶಕದಲ್ಲಿ ಹಂಗನುತ್ಸಿಯು ಮತ್ತು ಡೈಷರ್ ಎಂಬಿಬ್ಬರು ಒಂದು ವಿಚಿತ್ರ ಪ್ರತಿಕಾಯವನ್ನೂ ಕಂಡರು. ಅದು ಎದುರಿಸುತ್ತಿದ್ದುದು ಒಂದು ಸಕ್ಕರೆಯನ್ನೆಂದು ತಿಳಿದದ್ದು ಬಹುಕಾಲದ ಮೇಲೆ.

ಸಿಯಾಲಿಕ್ ಆಮ್ಲವೆಂಬ ಆಮ್ಲಸಕ್ಕರೆಗಳು ಸರಪಣಿಗಳ ತುದಿಯಲ್ಲಿ ಪೂರ್ಣವಿರಾಮದಂತೆ ಕುಳಿತಿರುತ್ತವೆ. ಕುದುರೆ, ಹಸು, ಚಿಂಪಾಂಜಿಗಳಲ್ಲಿ ಇದಕ್ಕೆ ಎರಡು ರೂಪಗಳು. ನಮ್ಮ ದೇಹ ತಯಾರಿಸುವುದು ಒಂದನ್ನು ಮಾತ್ರ. ಎರಡಕ್ಕೂ ಇರುವ ಅಂತರ ಒಂದೇ ಒಂದು ಆಮ್ಲಜನಕದ ಪರಮಾಣು. ಮನುಷ್ಯನಲ್ಲಿ ಈ ಇನ್ನೊಂದು ರೂಪ ತಯಾರಾಗದಿರಲು ಒಂದು ಜೀನು ಕೆಟ್ಟುಹೋಗಿರುವುದೇ ಕಾರಣವೆಂದು ೧೯೯೮ರಲ್ಲಿ ಕಂಡುಬಂತು. ಆ ಕೆಲಸದಲ್ಲಿ ಮುಂದಾದವರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿರುವ ಅಜಿತ್ ವರ್ಕಿ ಮುಖ್ಯರು. ಸುರೋಲಿಯಾ ಅವರು ಸಂಶೋಧನೆ ಕಲಿತ ವೆಲ್ಲೂರಿನ ಕಾಲೇಜಿನಲ್ಲಿಯೇ ವೈದ್ಯ ಓದಿದವರು. ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಮೊದಲ ಸಂಪಾದಕ ಪೋತನ್ ಜೋಸೆಫರ ಮೊಮ್ಮಗ. ಜೀನು ಕೆಟ್ಟದ್ದು ಇಪ್ಪತ್ತು ಮೂವತ್ತು ಲಕ್ಷ ವರ್ಷಗಳ ಹಿಂದೆ ಇರಬೇಕೆಂದು ಲೆಕ್ಕ ಹಾಕಿದ್ದಾರೆ. ಆದ್ದರಿಂದಲೇ ಕುದುರೆಯ ಸಕ್ಕರೆ ನಮ್ಮ ರಕ್ತಕ್ಕೆ ಪರಕೀಯ.

ಇನ್‌ಫ್ಲುಯೆಂಜಾ ವಿಷಾಣು ನಮ್ಮ ಗಂಟಲಿನ ಕೋಶಗಳಿಗೆ ಅಂಟಿಕೊಳ್ಳುವುದೂ ಈ ಸಿಯಾಲಿಕ್ ಆಮ್ಲವನ್ನು ಹಿಡಿದೇ. ಹೊಸದಾಗಿ ಹುಟ್ಟಿದ ವಿಷಾಣುಗಳು ಕೋಶ ಬಿಟ್ಟು ಹೊರಡಬೇಕಾದರೆ ಅದೇ ಸಕ್ಕರೆಯನ್ನು ಕತ್ತರಿಸಬೇಕು. ಆ ಕತ್ತರಿಗೆ ಸಕ್ಕರೆಯನ್ನು ಹೋಲುವ ಸುಳ್ಳು ತುಣುಕನ್ನು ಸಿಕ್ಕಿಸಿ ಮೊಂಡಾಗಿಸುವುದೇ ಇಂದು ವೈದ್ಯರು ಕೊಡುವ ಒಸೆಲ್ಟಾಮಿವಿರ್ ಎಂಬ ಔಷಧದ ಉಪಾಯ.

ಮತ್ತೊಂದು ಮಾತು. ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದನ್ನು ನಮ್ಮ ದೇಶದಲ್ಲಿ ಇಂದಿಗೂ ಕುದುರೆಗಳಿಂದಲೇ ತಯಾರಿಸುತ್ತಾರೆ. ಮೇಲಿನ ವಿಷಯ ಕೇಳಿ ಅದಕ್ಕೆ ಯಾರೂ ಹಿಂಜರಿಯಬಾರದು. ದದ್ದು, ಜ್ವರಗಳನ್ನು ವೈದ್ಯರು ನೋಡಿಕೊಳ್ಳಬಲ್ಲರು; ಏರಿದ ವಿಷವನ್ನು ಮಂತ್ರ ಇಳಿಸಲಾರದು.

ತುಮಕೂರಿನ ಚೀಟಿ

ಈಗ ಮನೆಯ ವಿಷಯಕ್ಕೆ ಬರೋಣ. ನೆರೆಮನೆಯ ಹಿರಿಯರೊಬ್ಬರು ರಕ್ತಪರೀಕ್ಷೆಯ ಚೀಟಿಯೊಂದನ್ನು ನನ್ನ ಮುಂದೆ ಹಿಡಿದು, ‘ಮೇಷ್ಟ್ರೇ, ನಿನ್ನೆಯಿಂದ ಕಾಫಿಗೂ ಸಕ್ಕರೆ ಹಾಕ್ಕೊಂಡಿಲ್ಲ. ಆದ್ರೂ ಇದರಲ್ಲಿ ಎಂಟೂವರೆ ಅಂತ ಬಂದಿದೆಯಲ್ಲ, ಯಂತ್ರ ಕೆಟ್ಟಿರಬೇಕು ಅಲ್ವೆ?’ ಎಂದು ಕೇಳಿದರು. ಯಂತ್ರ ಕೆಟ್ಟಿರಲಿಲ್ಲ. ಅವರು ಮಾಡಿಸಿದ್ದು ‘ಎಚ್‌ಬಿ ಎ ಒನ್ ಸಿ’ ಎಂಬ ಪರೀಕ್ಷೆ. ಅದು ನಿನ್ನೆಯ ಪಥ್ಯವನ್ನು ನೋಡುವುದಿಲ್ಲ.

ಇದರ ಮರ್ಮ ಹೀಗಿದೆ. ಇದುವರೆಗೆ ಹೇಳಿದ ಸಕ್ಕರೆಯ ಬರಹವೆಲ್ಲ ದೇಹ ಬೇಕೆಂದು ಬರೆದದ್ದು. ಆದರೆ ರಕ್ತದಲ್ಲಿ ಗ್ಲೂಕೋಸು ಮಿತಿಮೀರಿದರೆ ಅದು ಯಾರೂ ಕರೆಯದೆ ತಾನಾಗಿಯೇ ಪ್ರೋಟೀನುಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಹಾಳೆಯ ಮೇಲೆ ಮಸಿ ಚೆಲ್ಲಿದಂತೆ. ಕೆಂಪು ರಕ್ತಕಣದ ಹಿಮೋಗ್ಲೋಬಿನ್ನಿಗೂ ಹೀಗೆ ಅಂಟುತ್ತದೆ. ಸಿಹಿಮೂತ್ರದ ರೋಗಿಗಳಲ್ಲಿ ಹೀಗೆ ಮಾರ್ಪಟ್ಟ ಹಿಮೋಗ್ಲೋಬಿನ್ ಹೆಚ್ಚಾಗಿರುವುದನ್ನು ೧೯೬೮ರಲ್ಲಿ ಟೆಹರಾನಿನ ಸ್ಯಾಮ್ಯುಯೆಲ್ ರಹಬರ್ ಕಂಡುಹಿಡಿದರು. ರಕ್ತಕಣದ ಆಯುಸ್ಸು ಸುಮಾರು ೧೨೦ ದಿನ. ಅಷ್ಟು ದಿನವೂ ಅಂಟಿದ್ದು ಅಂಟಿಯೇ ಇರುವುದರಿಂದ, ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದುವ ಹುಡುಗನ ಉಪಾಯ ಇಲ್ಲಿ ನಡೆಯದು. ಶೇಕಡಾ ೫.೭ಕ್ಕಿಂತ ಕಡಿಮೆಯಿದ್ದರೆ ಸಹಜ, ೫.೭ರಿಂದ ೬.೪ರವರೆಗೆ ಎಚ್ಚರಿಕೆಯ ಮಟ್ಟ, ೬.೫ ಮತ್ತು ಮೇಲ್ಪಟ್ಟರೆ ರೋಗವೆಂದು ಗಣನೆ. ರಕ್ತಹೀನತೆ ಮೊದಲಾದವು ಇದ್ದವರಲ್ಲಿ ಈ ಲೆಕ್ಕ ಏರುಪೇರಾಗಬಹುದಾದ್ದರಿಂದ, ಚೀಟಿಯನ್ನು ವೈದ್ಯರಿಗೆ ತೋರಿಸಿಯೇ ಅರ್ಥಮಾಡಿಕೊಳ್ಳಬೇಕು.

ಈ ಅಂಟುವಿಕೆ ಹಿಮೋಗ್ಲೋಬಿನ್ನಿಗೇ ನಿಲ್ಲುವುದಿಲ್ಲ. ಕಣ್ಣು, ಮೂತ್ರಪಿಂಡ, ನರ, ರಕ್ತನಾಳಗಳ ಪ್ರೋಟೀನುಗಳಿಗೂ ಅದು ಹಬ್ಬುತ್ತದೆ. ವರ್ಷಗಳ ಮೇಲೆ ಆ ಅಂಗಗಳು ಕೆಡುವುದಕ್ಕೆ ಇದೂ ಒಂದು ಕಾರಣ. ನೋವಿಲ್ಲವೆಂದು ಮಾತ್ರೆ ನಿಲ್ಲಿಸುವವರು, ‘ಒಂದೇ ತಿಂಗಳಲ್ಲಿ ಬುಡಸಮೇತ ವಾಸಿ’ ಎಂಬ ಜಾಹೀರಾತಿಗೆ ಹಣ ತೆರುವವರು ನೆನಪಿಡಬೇಕಾದದ್ದು ಇದನ್ನೇ. ಮಸಿ ಸದ್ದಿಲ್ಲದೆ ಹರಡುತ್ತದೆ. ಅಂದು ಆ ಹಿರಿಯರಿಗೆ ನಾನು ಹೇಳಿದ್ದೂ ಇಷ್ಟೆ: ‘ಸ್ವಾಮೀ, ಯಂತ್ರದ ಮೇಲೆ ಕೋಪ ಬೇಡ, ನಾಳೆಯೇ ಡಾಕ್ಟರನ್ನು ಕಾಣಿ.’ ಅವರು ಕಂಡರು. ಮೂರು ತಿಂಗಳ ಮೇಲೆ ಚೀಟಿಯ ಅಂಕಿ ಇಳಿದಿತ್ತು.

ಸುರೋಲಿಯಾ ಅವರ ಕೈ ಈ ರೋಗದ ಕಡೆಗೂ ಚಾಚಿತು. ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಕೆಲಸ ಮಾಡಿದ ಅವರು, ೨೦೧೦ರಲ್ಲಿ ತಮ್ಮ ಜೊತೆಗಾರರೊಡನೆ ಇನ್ಸುಲಿನ್ ಕುರಿತ ಪ್ರಯೋಗವೊಂದನ್ನು ಪ್ರಕಟಿಸಿದರು. ಇನ್ಸುಲಿನ್ ಅಣುಗಳನ್ನು ಒಂದು ವಿಶೇಷ ಬಗೆಯಲ್ಲಿ ಗುಂಪುಗಟ್ಟಿಸಿ ಚರ್ಮದಡಿಗೆ ಸೇರಿಸಿದರೆ, ಅದು ಕೊಂಚಕೊಂಚವಾಗಿ ಕರಗುತ್ತ, ಒಂದೇ ಚುಚ್ಚುಮದ್ದಿನಿಂದ ಇಲಿಗಳಲ್ಲಿ ನೂರು ದಿನಗಳಿಗೂ ಮೀರಿ ಗ್ಲೂಕೋಸನ್ನು ಹತೋಟಿಯಲ್ಲಿಟ್ಟಿತು. ಇಲಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗುವುದೆಂದು ಹೇಳಲಾಗದು. ದಿನದಿನದ ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಡುವಂತೆಯೂ ಇಲ್ಲ.

ಹರಳುಬೀಜದಿಂದ ಹಲಸಿನ ಬೀಜಕ್ಕೆ, ಹಲಸಿನ ಬೀಜದಿಂದ ಇನ್ಸುಲಿನ್ನಿಗೆ ಬಂದ ಈ ದಾರಿ ಸುಮಾರು ನಾಲ್ಕು ದಶಕಗಳದು. ನಮ್ಮ ಕಣ್ಣಿಗೆ ಅಡುಗೆಮನೆಯ ಸಾಮಾನುಗಳಾಗಿ ಕಂಡವು ತಾಳ್ಮೆಯಿಂದ ಕೇಳುವವರಿಗೆ ಉತ್ತರ ಕೊಟ್ಟವು. ಓದುಗರು ಇದರಲ್ಲಿ ನೆನಪಿಟ್ಟುಕೊಳ್ಳಬೇಕಾದುದು ಹೆಚ್ಚೇನಿಲ್ಲ. ಸಕ್ಕರೆ ಅಮೃತವೂ ಅಲ್ಲ, ವಿಷವೂ ಅಲ್ಲ. ದೇಹದ ಲಿಪಿ ಅದು. ಅಳತೆಯಲ್ಲಿದ್ದರೆ ಬರಹ, ಅಳತೆ ಮೀರಿದರೆ ಚೆಲ್ಲಿದ ಮಸಿ. ಮನೆಯಲ್ಲಿ ನಲವತ್ತು ದಾಟಿದವರಿದ್ದು ಈ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಿಲ್ಲವಾದರೆ, ಹಬ್ಬ ಕಳೆಯಲಿ ಎಂದು ಕಾಯುವುದು ಬೇಡ. ಹಬ್ಬದ ಹೋಳಿಗೆಗೆ ಹೆದರುವ ಪರೀಕ್ಷೆ ಇದಲ್ಲವೆಂದು ಈಗ ತಿಳಿದಿದೆಯಲ್ಲ.